ಮೂಕ ಹಾಸ್ಯಚಿತ್ರಗಳು ಮಕ್ಕಳಾಟವೇ?

ಚಲಚ್ಚಿತ್ರವು ಹುಟ್ಟಿ ನೂರಮೂವತ್ತು ವರ್ಷಗಳು ಸಂದುವು. ಅದರ ಚರಿತ್ರೆಯನ್ನು ಬರೆದವರು ಅನೇಕರು. ಬರೆದುದನ್ನು ಓದಿ ಅಭಿಪ್ರಾಯವನ್ನು ಕಟ್ಟಿಕೊಂಡವರು ಅವರಿಗಿಂತಲೂ ಅನೇಕರು. ಈ ಎರಡು ವರ್ಗದವರಲ್ಲಿಯೂ ಒಂದು ಮಾತು ವಿಚಾರಣೆಯಿಲ್ಲದೆ ಬಾಯಿಂದ ಬಾಯಿಗೆ ಸಾಗಿಬಂದಿರುವುದು. ಮೂಕಚಿತ್ರಗಳ ಕಾಲದಲ್ಲಿ ಫ್ರಾನ್ಸ್, ಇಂಗ್ಲೆಂಡ್, ಅಮೆರಿಕಾ ದೇಶಗಳಲ್ಲಿ ತಯಾರಾದ ಹತ್ತಿಪ್ಪತ್ತು ನಿಮಿಷಗಳ ನಗೆಯ ಚಿತ್ರಗಳು ಬರಿಯ ಮಕ್ಕಳಾಟವೆಂಬುದೇ ಆ ಮಾತು. ಜಾರಿ ಬೀಳುವುದು, ಹಿಂದಿನಿಂದ ಒದೆಯುವುದು, ಪೋಲೀಸಿನವರು ಗುಂಪುಗೂಡಿ ಓಡುವುದು, ಕೆನೆ ತುಂಬಿದ ತಿಂಡಿಯನ್ನು ಎದುರಾಳಿಯ ಮುಖಕ್ಕೆ ಬಡಿಯುವುದು, ಇಷ್ಟೇ ಅವುಗಳ ಬಂಡವಾಳವಂತೆ. ಕಲೆಯೆಂಬುದು ದೀರ್ಘಚಿತ್ರದಿಂದ ಮೊದಲಾಯಿತಂತೆ. ಮಾತು ಬಂದ ಮೇಲೆ ಪರಿಪೂರ್ಣವಾಯಿತಂತೆ.

ಈ ಅಭಿಪ್ರಾಯವನ್ನು ಹಿಡಿದವರು ಅರಸಿಕರೇ ಆಗಿದ್ದರೆ ಅದನ್ನು ಅಷ್ಟಕ್ಕೆ ಬಿಡಬಹುದಾಗಿತ್ತು. ಆದರೆ ರಸಿಕರೆನಿಸಿಕೊಂಡವರೂ ಇದನ್ನೇ ಮತ್ತೊಂದು ವೇಷದಲ್ಲಿ ಹೇಳುವರು. ಚಾರ್ಲಿ ಚಾಪ್ಲಿನ್ನನು ಮಹಾಕಲಾವಿದನೆಂದು ಅವರು ಒಪ್ಪುವರು. ಒಪ್ಪುವುದು ೧೯೨೧ರ ‘ದಿ ಕಿಡ್’, ೧೯೨೫ರ ‘ದಿ ಗೋಲ್ಡ್ ರಷ್’, ೧೯೩೧ರ ‘ಸಿಟಿ ಲೈಟ್ಸ್’ ಎಂಬ ದೀರ್ಘಚಿತ್ರಗಳ ಬಲದಿಂದ. ಅವುಗಳಿಗೆ ಹಿಂದೆ ಆತನು ಮಾಡಿದ ಅರುವತ್ತಕ್ಕೆ ಮೇಲ್ಪಟ್ಟ ಕಿರುಚಿತ್ರಗಳು ಅವರ ಲೆಕ್ಕದಲ್ಲಿ ಗರಡಿಯ ಸಾಮು ಮಾತ್ರ. ಸಾಮು ಮಾಡಿದುದನ್ನು ಯಾರು ಲೆಕ್ಕಕ್ಕಿಡುವರು? ಲೆಕ್ಕಕ್ಕಿಲ್ಲದುದನ್ನು ಯಾರು ಕಾಪಾಡುವರು? ಹೀಗೆ ಒಂದು ಅವಿಚಾರಿತವಾದ ಮಾತಿನಿಂದ ಒಂದು ಕಲೆಯ ಮೂಲಸಂಪತ್ತಿಗೇ ಕೇಡು ಬಂದಿರುವುದರಿಂದ, ಆ ಮಾತನ್ನು ಪರೀಕ್ಷಿಸದೆ ಬಿಡುವುದು ಉಚಿತವಲ್ಲ.

ಪೂರ್ವಪಕ್ಷದಲ್ಲಿ ಮೂರು ಆಕ್ಷೇಪಗಳು ಅಡಕವಾಗಿವೆ. ಈ ಚಿತ್ರಗಳು ಕಿರಿದಾದುವು, ಆದಕಾರಣ ಹಗುರವಾದುವು ಎಂಬುದು ಮೊದಲನೆಯದು. ಮಾತಿಲ್ಲದುವು, ಆದಕಾರಣ ಅಂಗಹೀನವಾದುವು ಎಂಬುದು ಎರಡನೆಯದು. ಒರಟು ನಗೆಯವು, ಆದಕಾರಣ ಕೀಳಾದುವು ಎಂಬುದು ಮೂರನೆಯದು. ಇವುಗಳಿಗೆ ಸಮಾಧಾನವನ್ನು ಹೇಳುವ ಮುನ್ನ, ಚರಿತ್ರೆಯು ನಿಜವಾಗಿ ಹೇಗೆ ನಡೆಯಿತೆಂಬುದನ್ನು ಸ್ವಲ್ಪ ಸ್ಮರಿಸಬೇಕಾಗಿದೆ.

೧೮೯೫ನೆಯ ಇಸವಿ ಡಿಸೆಂಬರ್ ೨೮ರಂದು ಪ್ಯಾರಿಸ್ ನಗರದ ಗ್ರಾಂಡ್ ಕೆಫೆಯ ನೆಲಮಾಳಿಗೆಯಲ್ಲಿ, ಹಣ ತೆತ್ತು ಬಂದ ಪ್ರೇಕ್ಷಕರಿಗೆ ಲ್ಯುಮಿಯೇರ್ ಸಹೋದರರ ಹತ್ತು ಚಿತ್ರಗಳನ್ನು ತೋರಿಸಲಾಯಿತು. ಒಂದೊಂದೂ ಒಂದು ನಿಮಿಷವನ್ನು ಮೀರದು. ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದು, ತಂದೆತಾಯಿಗಳು ಮಗುವಿಗೆ ಉಣಿಸುವುದು ಮುಂತಾದ ಬಹುಪಾಲು ಚಿತ್ರಗಳು ಕಂಡುದನ್ನು ಕಂಡಂತೆ ಹಿಡಿದ ನೋಟಗಳು. ಅವುಗಳ ನಡುವೆ ಒಂದು ಬೇರೆ ಜಾತಿಯದು. ತೋಟಗಾರನೊಬ್ಬನು ಉದ್ದವಾದ ಕೊಳವೆಯಿಂದ ಗಿಡಗಳಿಗೆ ನೀರು ಹಾಯಿಸುತ್ತಿರುವನು. ತುಂಟ ಹುಡುಗನೊಬ್ಬನು ಹಿಂದಿನಿಂದ ಬಂದು ಕೊಳವೆಯನ್ನು ಮೆಟ್ಟಿ ನಿಲ್ಲುವನು, ನೀರು ನಿಲ್ಲುವುದು. ಇದೇನೆಂದು ತೋಟಗಾರನು ಕೊಳವೆಯ ಬಾಯಿಯನ್ನು ಇಣಿಕಿ ನೋಡುವನು; ಹುಡುಗನು ಕಾಲು ತೆಗೆಯುವನು. ಮುಖದ ತುಂಬ ನೀರು! ತೋಟಗಾರನು ಹುಡುಗನನ್ನು ಅಟ್ಟಿ ಹಿಡಿದು ನಾಲ್ಕು ಏಟು ಬಿಗಿಯುವನು. ಬೀಜವೂ ಯತ್ನವೂ ಫಲವೂ ಒಂದು ನಿಮಿಷದೊಳಗೆ ಮುಗಿದುವು. ಬೆಳ್ಳಿತೆರೆಯು ಹೇಳಿದ ಮೊತ್ತಮೊದಲ ಕಥೆಗಳಲ್ಲಿ ಇದು ಒಂದು. ಅದು ವೀರಕಥೆಯಲ್ಲ, ಕರುಣಕಥೆಯಲ್ಲ, ನಗೆಯ ಕಥೆ.

ಆರು ವರ್ಷಗಳ ತರುವಾಯ, ೧೯೦೧ರಲ್ಲಿ, ಇಂಗ್ಲೆಂಡಿನ ಜೇಮ್ಸ್ ವಿಲಿಯಂಸನ್ ಎಂಬಾತನು ಮಾಡಿದ ಎರಡು ಚಿತ್ರಗಳು ಗಮನಾರ್ಹವಾದುವು. ‘ದಿ ಬಿಗ್ ಸ್ವಾಲೋ’ ಎಂಬುದರಲ್ಲಿ, ತನ್ನ ಚಿತ್ರವನ್ನು ತೆಗೆಯುತ್ತಿರುವುದಕ್ಕೆ ಸಿಟ್ಟಾದ ಮನುಷ್ಯನೊಬ್ಬನು ಕ್ಯಾಮರದ ಕಡೆಗೆ ನಡೆದು ಬರುವನು. ಬರಬರುತ್ತ ಅವನ ಬಾಯಿಯೇ ಪರದೆಯನ್ನೆಲ್ಲ ತುಂಬುವುದು; ಕ್ಯಾಮರವೂ ಛಾಯಾಗ್ರಾಹಕನೂ ಆ ಬಾಯಿಯೊಳಗೆ ಬಿದ್ದು ಅಡಗುವರು; ಅವನು ಅಗಿಯುತ್ತ ಹಿಂದೆ ಸರಿಯುವನು. ಮುಖವನ್ನು ಹತ್ತಿರದಿಂದ ತೋರಿಸುವ ಸಮೀಪದೃಶ್ಯದ ಶಕ್ತಿಯು ಇಷ್ಟು ಧೈರ್ಯದಿಂದ ಪ್ರಯೋಗವಾದುದು ಒಂದು ನಗೆಯಾಟದಲ್ಲಿ. ‘ಸ್ಟಾಪ್ ಥೀಫ್’ ಎಂಬ ಎರಡನೆಯದರಲ್ಲಿ ಅಲೆಮಾರಿಯೊಬ್ಬನು ಮಾಂಸವನ್ನು ಕದ್ದು ಓಡುವನು, ನಾಯಿಗಳು ಬೆನ್ನಟ್ಟುವುವು, ಅವನು ಪೀಪಾಯಿಯೊಳಗೆ ಅಡಗಿ ಸಿಕ್ಕಿಬೀಳುವನು. ಇದು ಮೂರು ದೃಶ್ಯಖಂಡಗಳಲ್ಲಿ ನಡೆಯುವುದು. ಒಂದು ಸ್ಥಳದಿಂದ ಮರೆಯಾದವನು ಮತ್ತೊಂದು ಸ್ಥಳದಲ್ಲಿ ಕಾಣಿಸಿಕೊಂಡರೆ ಅವೆರಡೂ ಒಂದೇ ದಾರಿಯೆಂದು ಪ್ರೇಕ್ಷಕನ ಬುದ್ಧಿಯು ತಾನೇ ಕೂಡಿಸಿಕೊಳ್ಳುವುದೆಂಬ ತತ್ತ್ವವು ಇಂಥ ಬೆನ್ನಟ್ಟುವ ಚಿತ್ರಗಳಿಂದ ರೂಢಿಗೆ ಬಂದಿತು. ಚಲಚ್ಚಿತ್ರದ ಸಂಕಲನಕಲೆಗೆ ಇದೇ ಅಸ್ತಿಭಾರ. ಚರಿತ್ರಕಾರರು ವ್ಯಾಕರಣದ ಆದ್ಯಾಚಾರ್ಯನೆಂದು ಕೊಂಡಾಡುವ ಗ್ರಿಫಿತನು ನಿರ್ದೇಶಕನಾದುದು ೧೯೦೮ರಲ್ಲಿ. ಆತನು ವ್ಯಾಕರಣವನ್ನು ಬೆಳೆಸಿದನೆಂಬುದು ನಿಜ. ವರ್ಣಮಾಲೆಯನ್ನು ತೀಡಿದವರಲ್ಲಿ ನಗಿಸುವವರು ಮುಂದಿದ್ದರೆಂಬುದೂ ಅಷ್ಟೇ ನಿಜ.

ಮುಂದಿನ ಹೆಜ್ಜೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಫ್ರಾನ್ಸಿನ ಮಾಕ್ಸ್ ಲಿಂಡರನು ೧೯೦೫ರಿಂದ ಪಾಥೆ ಸಂಸ್ಥೆಯ ಚಿತ್ರಗಳಲ್ಲಿ ನಟಿಸಿ, ಎತ್ತರದ ಟೋಪಿಯ ಸೊಗಸುಗಾರನೊಬ್ಬನನ್ನು ಚಿತ್ರದಿಂದ ಚಿತ್ರಕ್ಕೆ ಮುಂದುವರಿಸಿದನು. ಬೀಳುವುದಕ್ಕಿಂತ ಬೀಳದಂತೆ ಮಾನ ಉಳಿಸಿಕೊಳ್ಳಲು ಹೆಣಗುವುದು ಹೆಚ್ಚು ನಗೆಯನ್ನು ತರುವುದೆಂದು ಆತನು ತೋರಿಸಿದನು. ಚಾಪ್ಲಿನ್ನನು ಈತನನ್ನು ತನ್ನ ಗುರುವೆಂದು ಕರೆದುದುಂಟು. ೧೯೧೨ರಲ್ಲಿ ಗ್ರಿಫಿತನ ಬಳಿಯಲ್ಲಿಯೇ ಪಳಗಿದ ಮ್ಯಾಕ್ ಸೆನೆಟ್ಟನು ಅಮೆರಿಕೆಯಲ್ಲಿ ಕೀಸ್ಟೋನ್ ಸಂಸ್ಥೆಯನ್ನು ನಡೆಸತೊಡಗಿದನು. ಅಲ್ಲಿ ಮೇಬೆಲ್ ನಾರ್ಮಂಡ್ ಎಂಬಾಕೆಯು ನಟಿಸಿದುದಲ್ಲದೆ ಚಿತ್ರಗಳನ್ನು ನಿರ್ದೇಶಿಸಿಯೂ ಇದ್ದಳೆಂಬುದನ್ನು ಇಂದಿನವರು ಮರೆಯಬಾರದು. ೧೯೧೪ರಲ್ಲಿ ಚಾಪ್ಲಿನ್ನನು ಅಲ್ಲಿಗೆ ಬಂದನು. ಆ ವರ್ಷ ಫೆಬ್ರವರಿ ೭ರಂದು ಹೊರಬಿದ್ದ ‘ಕಿಡ್ ಆಟೋ ರೇಸಸ್ ಅಟ್ ವೆನಿಸ್’ ಎಂಬ ಚಿತ್ರದಲ್ಲಿ ಬಿಗಿಯಾದ ಕೋಟು, ಜೋಲುವ ಷರಾಯಿ, ಪುಟ್ಟ ಮೀಸೆ, ಬೆತ್ತ ಇವುಗಳ ಆ ಅಲೆಮಾರಿಯನ್ನು ಲೋಕವು ಮೊದಲು ಕಂಡಿತು. ಮಕ್ಕಳ ಬಂಡಿಯೋಟದ ಪಂದ್ಯವನ್ನು ಚಿತ್ರಿಸಲು ಬಂದವರ ಕ್ಯಾಮರದ ಮುಂದೆ ಆತನು ಮತ್ತೆ ಮತ್ತೆ ಬಂದು ನಿಲ್ಲುವನು. ಅವರು ಮತ್ತೆ ಮತ್ತೆ ತಳ್ಳುವರು. ಕಥೆ ಇಷ್ಟೇ. ಆದರೆ ಕ್ಯಾಮರವನ್ನು ಕಂಡೊಡನೆ ಅದರ ಮುಂದೆ ಹೋಗಿ ನಿಲ್ಲಬೇಕೆಂಬ ಮನುಷ್ಯನ ಚಪಲವನ್ನು ಇಷ್ಟು ಮುಂಚಿತವಾಗಿ ಕಂಡು ನಕ್ಕ ಕೃತಿ ಇನ್ನಾವುದು?

ಇನ್ನು ಆಕ್ಷೇಪಗಳಿಗೆ ಸಮಾಧಾನ. ಕಿರಿದಾದುದು ಹಗುರವೆಂಬ ನ್ಯಾಯವನ್ನು ಸಾಹಿತ್ಯದಲ್ಲಿ ಯಾರೂ ಒಪ್ಪಿಲ್ಲ. ದಶರೂಪಕಗಳಲ್ಲಿ ಭಾಣ, ವ್ಯಾಯೋಗ, ವೀಥಿಗಳು ಒಂದೇ ಅಂಕದವು. ಪ್ರಹಸನವೂ ಬಹುಮಟ್ಟಿಗೆ ಹಾಗೆಯೇ. ನಾಟಕಕ್ಕೆ ಐದಕ್ಕೆ ಕಡಿಮೆಯಿಲ್ಲದ ಅಂಕಗಳಿರುವುದೆಂದು ಶಾಸ್ತ್ರಕಾರರು ಇವನ್ನು ನಾಟಕದ ಎಳಸು ರೂಪಗಳೆಂದು ಕರೆಯಲಿಲ್ಲ. ಪ್ರತ್ಯೇಕವಾದ ಲಕ್ಷಣವನ್ನು ಹೇಳಿ ಪ್ರತ್ಯೇಕವಾದ ಆಸನವನ್ನು ಕೊಟ್ಟರು. ಅಮರುಕನ ಒಂದೊಂದು ಮುಕ್ತಕವೂ ಒಂದೊಂದು ಪ್ರಬಂಧಕ್ಕೆ ಸಮವೆಂದು ಆನಂದವರ್ಧನನು ಕೊಂಡಾಡಿದುದು ಸಂಸ್ಕೃತವನ್ನು ಓದಿದವರೆಲ್ಲರಿಗೂ ಗೊತ್ತು. ಮುಕ್ತಕವನ್ನು ಹಿಡಿದು ಇದೇಕೆ ಮಹಾಕಾವ್ಯವಾಗಲಿಲ್ಲವೆಂದು ಕೇಳುವುದು ರಸಿಕನ ಲಕ್ಷಣವಲ್ಲ.

ಚಾಪ್ಲಿನ್ನನು ೧೯೧೬-೧೭ರಲ್ಲಿ ಮ್ಯೂಚುಯಲ್ ಸಂಸ್ಥೆಗೆ ಮಾಡಿಕೊಟ್ಟ ಹನ್ನೆರಡು ಎರಡು-ರೀಲಿನ ಚಿತ್ರಗಳು ಇಂಥ ಮುಕ್ತಕಗಳು. ಅವುಗಳಲ್ಲಿ ೧೯೧೬ರ ‘ದಿ ಪಾನ್‌ಷಾಪ್’ ಒಂದು. ಒಬ್ಬ ಬಡವನು ಗಿರವಿಯಂಗಡಿಗೆ ಗಡಿಯಾರವೊಂದನ್ನು ತರುವನು. ಅಂಗಡಿಯ ಆಳಾದ ಚಾರ್ಲಿಯು ಅದನ್ನು ಪರೀಕ್ಷಿಸುವನು. ಮೊದಲು ವೈದ್ಯನಂತೆ ನಾಳವನ್ನು ಕಿವಿಗಿಟ್ಟು ಅದರ ಎದೆಬಡಿತವನ್ನು ಕೇಳುವನು. ಬಳಿಕ ತಗಡಿನ ಡಬ್ಬಿಯನ್ನು ಕತ್ತರಿಸುವಂತೆ ಅದನ್ನು ತೆರೆದು ಒಳಗಿನ ಸಾಮಾನು ಕೆಟ್ಟಿದೆಯೋ ಎಂದು ಮೂಸಿ ನೋಡುವನು. ಕೊನೆಗೆ ಚಕ್ರಗಳನ್ನೂ ಸುರುಳಿಯನ್ನೂ ಮೇಜಿನ ಮೇಲೆ ಸುರಿದು, ಅಷ್ಟನ್ನೂ ಬಾಚಿ ಆ ಬಡವನ ಟೋಪಿಯೊಳಗೆ ಹಾಕಿ, ಗಿರವಿಗೆ ತೆಗೆದುಕೊಳ್ಳುವುದಿಲ್ಲವೆಂದು ತಲೆಯಾಡಿಸುವನು. ಇದರಲ್ಲಿ ಬೀಳುವುದಿಲ್ಲ, ಒದೆಯುವುದಿಲ್ಲ, ಓಡುವುದಿಲ್ಲ. ವಸ್ತು ಒಂದೇ, ನೋಡುವ ಕಣ್ಣಿಗೆ ಅದು ಕ್ಷಣಕ್ಕೊಂದಾಗುವುದು. ಇದು ರೂಪಕಾಲಂಕಾರವಲ್ಲದೆ ಮತ್ತೇನು? ಕವಿಯು ಇವ ಎಂಬ ಶಬ್ದವನ್ನೂ ಬಿಟ್ಟು ಉಪಮಾನವನ್ನು ಉಪಮೇಯದ ಮೇಲೆ ಆರೋಪಿಸುವಂತೆ, ಈ ನಟನು ಮಾತೇ ಇಲ್ಲದೆ ಗಡಿಯಾರದ ಮೇಲೆ ರೋಗಿಯನ್ನೂ ಡಬ್ಬಿಯನ್ನೂ ಆರೋಪಿಸಿದನು. ಈ ಪ್ರಸಂಗವನ್ನು ಎರಡು ಗಂಟೆಗಳ ಚಿತ್ರಕ್ಕೆ ಎಳೆದರೆ ರಸವು ಹೆಚ್ಚುವುದಿಲ್ಲ; ಒಂದು ಕ್ಷಣ ಮೊಟಕುಗೊಳಿಸಿದರೂ ಕೆಡುವುದು.

ಎರಡನೆಯ ಆಕ್ಷೇಪವು ಮಾತಿಲ್ಲವೆಂಬುದು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಅಭಿನಯವು ನಾಲ್ಕು ವಿಧ. ಮೂಕಚಿತ್ರದಲ್ಲಿ ಇಲ್ಲದುದು ವಾಚಿಕವೊಂದೇ. ಉಳಿದ ಮೂರು ತಮ್ಮ ಪೂರ್ಣಶಕ್ತಿಯಿಂದ ನಿಂತಿವೆ. ಹಾಸ್ಯಕ್ಕೆ ಭರತನು ಹೇಳಿದ ವಿಭಾವಗಳನ್ನಾದರೂ ನೋಡಬಹುದು. ವಿಕೃತವಾದ ವೇಷ, ವಿಕೃತವಾದ ಅಲಂಕಾರ, ಧಾರ್ಷ್ಟ್ಯ, ಲೌಲ್ಯ, ಅಂಗವೈಕಲ್ಯದ ದರ್ಶನ ಮೊದಲಾದುವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳತಕ್ಕವು. ಕಿವಿಗೆ ಬೇಕಾದುದು ಅಸತ್ಪ್ರಲಾಪದಂಥ ಒಂದೆರಡು ಮಾತ್ರ. ಹೀಗಿರಲು ಮಾತಿಲ್ಲದ ಹಾಸ್ಯವು ಅಂಗಹೀನವಾಯಿತೆಂದು ಹೇಳುವುದಕ್ಕೆ ಆಧಾರವೆಲ್ಲಿ?

ಇದಕ್ಕೂ ಮಿಗಿಲಾದ ಸಂಗತಿಯೊಂದಿದೆ. ಮೂಕ ಹಾಸ್ಯಚಿತ್ರವು ನಟನ ಅಭಿನಯದಲ್ಲಿ ನಿಲ್ಲದೆ ಕ್ಯಾಮರವನ್ನೇ ನಗೆಯ ಸಾಧನವನ್ನಾಗಿ ಮಾಡಿತು. ೧೯೨೦ರಲ್ಲಿ ಬಂದ ಬಸ್ಟರ್ ಕೀಟನ್ನನ ‘ಒನ್ ವೀಕ್’ ಇದಕ್ಕೆ ಉದಾಹರಣೆ. ನವದಂಪತಿಗಳಿಗೆ ಜೋಡಿಸಿ ನಿಲ್ಲಿಸಬೇಕಾದ ಮರದ ಮನೆಯೊಂದು ಪೆಟ್ಟಿಗೆಗಳಲ್ಲಿ ಉಡುಗೊರೆಯಾಗಿ ಬರುವುದು. ಆ ಹೆಣ್ಣನ್ನು ಬಯಸಿ ನಿರಾಶನಾದವನೊಬ್ಬನು ಪೆಟ್ಟಿಗೆಗಳ ಅಂಕೆಗಳನ್ನು ತಿದ್ದಿಬಿಡುವನು. ಸೂಚನೆಯಂತೆಯೇ ಕಟ್ಟಿದ ಮನೆಯು ಸೊಟ್ಟಗಾಗಿ ನಿಲ್ಲುವುದು. ಬಿರುಗಾಳಿಗೆ ಸಿಕ್ಕಿ ಅತಿಥಿಗಳ ಸಮೇತ ಬುಗುರಿಯಂತೆ ತಿರುಗುವುದು. ಅಷ್ಟರಲ್ಲಿ ಅದನ್ನು ಕಟ್ಟಿದುದು ಬೇರೆಯವರ ನಿವೇಶನದಲ್ಲೆಂದು ತಿಳಿಯುವುದು. ಮನೆಯನ್ನು ಎಳೆದುಕೊಂಡು ಹೋಗುವಾಗ ಅದು ರೈಲುಹಳಿಯ ಮೇಲೆ ಸಿಕ್ಕಿಕೊಳ್ಳುವುದು. ದೂರದಿಂದ ರೈಲು ಧಾವಿಸಿ ಬರುವುದು. ದಂಪತಿಗಳು ಕಣ್ಣು ಮುಚ್ಚಿಕೊಳ್ಳುವರು. ಪ್ರೇಕ್ಷಕನೂ ಉಸಿರು ಹಿಡಿಯುವನು. ರೈಲು ಮನೆಯ ಪಕ್ಕದ ಹಳಿಯ ಮೇಲೆ ಹಾದುಹೋಗುವುದು! ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ಎದುರುದಿಕ್ಕಿನಿಂದ ಮತ್ತೊಂದು ರೈಲು ಬಂದು ಮನೆಯನ್ನು ನುಚ್ಚುನೂರು ಮಾಡುವುದು. ಗಂಡನು ಆ ಅವಶೇಷದ ಮೇಲೆ ಮಾರಾಟಕ್ಕಿದೆಯೆಂಬ ಹಲಗೆಯನ್ನು ನಿಲ್ಲಿಸಿ, ಜೋಡಣೆಯ ಸೂಚನೆಗಳನ್ನೂ ಅದಕ್ಕೆ ಲಗತ್ತಿಸಿ, ಹೆಂಡತಿಯ ಕೈ ಹಿಡಿದು ನಡೆಯುವನು.

ಇಲ್ಲಿ ಪ್ರೇಕ್ಷಕನನ್ನು ವಂಚಿಸಿದವರು ಯಾರು? ನಟನಲ್ಲ, ಮಾತಲ್ಲ, ಕ್ಯಾಮರವನ್ನು ನಿಲ್ಲಿಸಿದ ಸ್ಥಳ. ಅಲ್ಲಿಂದ ನೋಡಿದಾಗ ಎರಡು ಹಳಿಗಳು ಒಂದಾಗಿ ತೋರುವುವು. ಮಬ್ಬಿನಲ್ಲಿ ಹಗ್ಗವು ಹಾವಾಗಿ ಕಂಡಂತೆ, ಪಕ್ಕದ ಹಳಿಯು ಮನೆಯ ಹಳಿಯಾಗಿ ಕಂಡಿತು. ಮುಂದೆ ಭ್ರಮೆಯು ಕಳೆದು, ಭಯವು ಹೋಯಿತೆಂಬ ನಂಬಿಕೆಯೂ ಎರಡನೆಯ ಭ್ರಮೆಯೆಂದು ತಿಳಿಯುವುದು. ಈ ನಗೆಯನ್ನು ರಂಗಭೂಮಿಯ ಮೇಲೆ ತರಲಾಗದು, ಪುಸ್ತಕದಲ್ಲಿ ಬರೆಯಲಾಗದು. ಚಲಚ್ಚಿತ್ರವು ರಂಗಭೂಮಿಯ ನೆರಳಲ್ಲ, ಸ್ವತಂತ್ರವಾದ ಕಲೆಯೆಂದು ಸಾಧಿಸಬೇಕಾದವರಿಗೆ ಇದಕ್ಕಿಂತ ಬಲವಾದ ಪ್ರಮಾಣವು ದೊರೆಯುವುದು ಕಷ್ಟ. ೧೯೨೧ರ ‘ದಿ ಪ್ಲೇಹೌಸ್’ ಚಿತ್ರದಲ್ಲಂತೂ ಒಂದೇ ಫಿಲ್ಮಿನ ಮೇಲೆ ಮತ್ತೆ ಮತ್ತೆ ಚಿತ್ರ ತೆಗೆದು, ಒಬ್ಬ ಕೀಟನ್ನನೇ ನಟರೂ ವಾದ್ಯಗಾರರೂ ಪ್ರೇಕ್ಷಕರೂ ಆಗಿ ಏಕಕಾಲದಲ್ಲಿ ಕಾಣಿಸಿಕೊಂಡನು. ಇನ್ನು ೧೯೨೭ರಲ್ಲಿ ‘ದಿ ಜಾಸ್ ಸಿಂಗರ್’ ಬಂದ ಮೇಲೆ ಏನಾಯಿತು? ಸದ್ದು ಕೇಳಿಸಬಾರದೆಂದು ಕ್ಯಾಮರವನ್ನು ಪೆಟ್ಟಿಗೆಯಂಥ ಕೋಣೆಯೊಳಗೆ ಕೂಡಿಹಾಕಿದರು. ನಟರು ಮೈಕ್ರೊಫೋನಿನ ಬಳಿ ನಿಂತು ಒಪ್ಪಿಸತೊಡಗಿದರು. ಮಾತು ಬಂದಿತು, ನಡಿಗೆ ಹೋಯಿತು. ಅದು ಮರಳಿ ಬರಲು ಕೆಲವು ವರ್ಷಗಳೇ ಹಿಡಿದುವು.

ಮೂರನೆಯ ಆಕ್ಷೇಪವು ನಗೆಯ ಒರಟುತನದ್ದು. ಇದರಲ್ಲಿ ಸತ್ಯಾಂಶವಿಲ್ಲವೆಂದು ವಾದಿಸುವುದು ಪಕ್ಷಪಾತವಾಗುವುದು. ವಾರವಾರಕ್ಕೂ ಹೊಸ ಚಿತ್ರ ಬೇಕೆಂದು ಅವಸರದಲ್ಲಿ ಹೊಲಿದುಹಾಕಿದವುಗಳಲ್ಲಿ ಜೊಳ್ಳೇ ಬಹಳ. ಕರಿಯರನ್ನೂ ಪರದೇಶದವರನ್ನೂ ಹೀಯಾಳಿಸುವ ಪ್ರಸಂಗಗಳು ಅವುಗಳಲ್ಲಿ ಬೇಕಾದಷ್ಟಿವೆ. ಅವನ್ನು ದೋಷವೆಂದೇ ಹೇಳಬೇಕು, ಕಾಲಧರ್ಮವೆಂದು ಮುಚ್ಚಬಾರದು. ಆದರೆ ಗ್ರಿಫಿತನ ೧೯೧೫ರ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಮಹಾಚಿತ್ರದಲ್ಲಿ ಇದೇ ದೋಷವು ನೂರುಮಡಿಯಾಗಿದ್ದರೂ ಅದಕ್ಕೆ ಚರಿತ್ರೆಯಲ್ಲಿ ಅಧ್ಯಾಯಗಳು ಮೀಸಲಾಗಿವೆ. ನಗೆಯ ಚಿತ್ರಕ್ಕೆ ಅದೇ ದೋಷಕ್ಕಾಗಿ ಬಾಗಿಲು ಮುಚ್ಚಲಾಗಿದೆ. ಅಳತೆಗೋಲು ಒಂದೇ ಆಗಿರಬೇಡವೇ?

ನಗೆಯಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂಬ ಆರು ಮೆಟ್ಟಿಲುಗಳನ್ನು ಭರತನು ಹೇಳಿರುವನು. ಮೊದಲೆರಡು ಉತ್ತಮರವು, ನಡುವಿನೆರಡು ಮಧ್ಯಮರವು, ಕೊನೆಯೆರಡು ಅಧಮರವು. ಕೀಸ್ಟೋನ್ ಸಂಸ್ಥೆಯ ಗದ್ದಲವು ಅತಿಹಸಿತವೆಂದು ಒಪ್ಪಬೇಕು. ಆದರೆ ಅಲ್ಲಿಂದ ಹತ್ತು ವರ್ಷಗಳೊಳಗೆ ಇದೇ ಕಿರುಚಿತ್ರವು ಸ್ಮಿತದವರೆಗೆ ಏರಿತೆಂಬುದನ್ನು ಏಕೆ ಹೇಳಬಾರದು? ಕೀಟನ್ನನು ಪರದೆಯ ಮೇಲೆ ನಗುವುದೇ ಅಪರೂಪ; ಹಾಸ್ಯವು ಆತ್ಮಸ್ಥವಾಗದೆ ಕೇವಲ ಪರಸ್ಥವಾಗಿರುವುದಕ್ಕೆ ಆತನ ಮುಖದಂಥ ನಿದರ್ಶನ ಬೇರೊಂದಿಲ್ಲ. ಚಾಪ್ಲಿನ್ನನ ೧೯೧೭ರ ‘ದಿ ಇಮಿಗ್ರಂಟ್’ ಚಿತ್ರದಲ್ಲಿ ಹಡಗು ತುಂಬ ಬಡವರು ಅಮೆರಿಕೆಗೆ ವಲಸೆ ಬರುವರು. ಸ್ವಾತಂತ್ರ್ಯದೇವಿಯ ವಿಗ್ರಹವು ದೂರದಲ್ಲಿ ಕಾಣುವುದು. ಎಲ್ಲರೂ ಮೌನವಾಗಿ ಅದನ್ನು ನೋಡುತ್ತಿರುವಾಗಲೇ ಅಧಿಕಾರಿಗಳು ಬಂದು ಅವರನ್ನು ದನಗಳಂತೆ ಹಗ್ಗ ಕಟ್ಟಿ ಹಿಂದಕ್ಕೆ ಒತ್ತುವರು. ನಗೆಯು ತುಟಿಗೆ ಬರುವ ಮೊದಲೇ ಗಂಟಲಲ್ಲಿ ನಿಲ್ಲುವುದು. ಅದೇ ಚಿತ್ರದಲ್ಲಿ ಹಡಗಿನ ಓಲಾಟಕ್ಕೆ ಊಟದ ತಟ್ಟೆಯು ಮೇಜಿನ ಈ ತುದಿಗೂ ಆ ತುದಿಗೂ ಜಾರುವ ಹುಚ್ಚುನಗೆಯೂ ಇದೆ. ಹಾಸ್ಯವನ್ನೂ ಕರುಣವನ್ನೂ ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ ಒಂದೇ ದಾರದಲ್ಲಿ ಪೋಣಿಸಿದುದನ್ನು ಮಕ್ಕಳಾಟವೆಂದು ಕರೆಯಬೇಕಾದರೆ ಆ ಮಕ್ಕಳು ಬಹು ದೊಡ್ಡವರಾಗಿರಬೇಕು.

ಹಾಗಾದರೆ ಇಷ್ಟು ಸ್ಪಷ್ಟವಾದ ಗುಣವು ಜನರ ಕಣ್ಣಿಗೆ ಬೀಳದಿರಲು ಕಾರಣವೇನು? ಇಂದಿನವರು ಕಂಡಿರುವುದು ಬಹುಮಟ್ಟಿಗೆ ಆ ಚಿತ್ರಗಳನ್ನಲ್ಲ, ಅವುಗಳ ಅಣಕವನ್ನು. ಅಳತೆಯೇ ಇದನ್ನು ಹೇಳುವುದು. ಒಂದು ರೀಲು ಎಂದರೆ ಸುಮಾರು ೧,೦೦೦ ಅಡಿ. ಅಡಿಗೆ ೧೬ ಚೌಕಗಳಂತೆ ೧೬,೦೦೦ ಚೌಕಗಳು. ಸೆಕೆಂಡಿಗೆ ೧೬ ಚೌಕಗಳಂತೆ ತಿರುಗಿಸಿದರೆ ಅದು ಹದಿನಾರು ನಿಮಿಷಕ್ಕೆ ಮೇಲ್ಪಟ್ಟು ನಡೆಯುವುದು. ವಾಕ್ಚಿತ್ರಗಳಿಗೆ ಗೊತ್ತುಮಾಡಿದ ೨೪ ಚೌಕಗಳ ವೇಗದಲ್ಲಿ ಓಡಿಸಿದರೆ ಹನ್ನೊಂದು ನಿಮಿಷಗಳಲ್ಲಿ ಮುಗಿಯುವುದು. ಕೈಯಿಂದ ತಿರುಗಿಸಿ ತೆಗೆದ ಚಿತ್ರಗಳ ವೇಗವು ಒಂದೇ ಆಗಿರಲಿಲ್ಲ. ನಗೆಗಾಗಿ ಬೇಕೆಂದೇ ತುಸು ಚುರುಕುಗೊಳಿಸಿದುದೂ ಉಂಟು. ಆದರೆ ಆ ಹವಣನ್ನು ತಿಳಿಯದೆ ಎಲ್ಲವನ್ನೂ ಯಂತ್ರದ ವೇಗಕ್ಕೆ ಒಪ್ಪಿಸಿದುದರಿಂದ, ನಡೆಯುವವರು ಕುಪ್ಪಳಿಸಿದರು, ಅಳುವವರು ನಡುಗಿದರು. ಸಾಲದುದಕ್ಕೆ ೧೯೬೩ರಲ್ಲಿ ಅಮೆರಿಕೆಯ ದೂರದರ್ಶನದಲ್ಲಿ ‘ಫ್ರಾಕ್ಚರ್ಡ್ ಫ್ಲಿಕರ್ಸ್’ ಎಂಬ ಕಾರ್ಯಕ್ರಮದಲ್ಲಿ ಮೂಕಚಿತ್ರಗಳ ತುಣುಕುಗಳಿಗೆ ಹಾಸ್ಯಾಸ್ಪದವಾದ ಮಾತುಗಳನ್ನು ಅಂಟಿಸಿ ಪ್ರದರ್ಶಿಸಿದರು. ವಿಲಂಬದ ಕೀರ್ತನೆಯನ್ನು ದ್ರುತದಲ್ಲಿ, ಅದೂ ಪಲ್ಲವಿಯಿಲ್ಲದೆ, ಹಾಡಿಸಿ ಸಂಗೀತವೇ ಇಷ್ಟೆಂದು ತೀರ್ಪು ಕೊಟ್ಟಂತಾಯಿತು.

ತಾತ್ಸಾರದ ಇನ್ನೊಂದು ಫಲವು ಹೆಚ್ಚು ದಾರುಣವಾದುದು. ಆ ಕಾಲದ ಫಿಲ್ಮು ನೈಟ್ರೇಟಿನಿಂದ ಮಾಡಿದುದು. ಬೇಗ ಹೊತ್ತಿಕೊಳ್ಳುವುದು, ಹೊತ್ತಿಕೊಳ್ಳದಿದ್ದರೂ ತಾನಾಗಿ ಪುಡಿಯಾಗುವುದು. ೧೯೪೩ರಲ್ಲಿ ಹೆರಾಲ್ಡ್ ಲಾಯ್ಡನ ಉಗ್ರಾಣಕ್ಕೆ ಬೆಂಕಿ ಬಿದ್ದು ಆತನ ಮೊದಲಿನ ಕಿರುಚಿತ್ರಗಳಲ್ಲಿ ಅನೇಕವು ಸುಟ್ಟುಹೋದುವು. ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ ೨೦೧೩ರಲ್ಲಿ ಪ್ರಕಟಿಸಿದ ವರದಿಯಂತೆ, ಆ ದೇಶದ ಸುಮಾರು ೧೧,೦೦೦ ಮೂಕ ದೀರ್ಘಚಿತ್ರಗಳಲ್ಲಿ ಮೂಲರೂಪದಲ್ಲಿ ಪೂರ್ಣವಾಗಿ ಉಳಿದುವು ನೂರಕ್ಕೆ ೧೪ ಮಾತ್ರ. ಇದು ದೀರ್ಘಚಿತ್ರಗಳ ಲೆಕ್ಕ. ಕಿರುಚಿತ್ರಗಳು ಆ ಎಣಿಕೆಯೊಳಗೇ ಸೇರಿಲ್ಲ. ಗಣ್ಯವಾದುವುಗಳ ಗತಿಯೇ ಹೀಗಾದರೆ ಅಗಣ್ಯವಾದುವುಗಳನ್ನು ಕೇಳುವವರಾರು?

ಉಳಿದುವಾದರೂ ಹೇಗೆ ಉಳಿದುವು? ಅರ್ಬಕಲ್, ಕೀಟನ್ ಇಬ್ಬರೂ ನಟಿಸಿದ ೧೯೧೮ರ ‘ದಿ ಕುಕ್’ ಕಳೆದುಹೋಯಿತೆಂದು ಎಣಿಸಿದ್ದರು. ೧೯೯೮ರಲ್ಲಿ ಅದು ದೂರದ ನಾರ್ವೆ ದೇಶದಲ್ಲಿ ಸಿಕ್ಕಿತು. ಚಾಪ್ಲಿನ್ನನು ಪೋಲೀಸಿನವನಾಗಿ ಕಾಣಿಸಿಕೊಂಡಿರುವ ೧೯೧೪ರ ‘ಎ ಥೀಫ್ ಕ್ಯಾಚರ್’ ಹಳೆಯ ಸಾಮಾನುಗಳ ಮಾರಾಟದಲ್ಲಿ ಸಿಕ್ಕಿ, ೨೦೧೦ರಲ್ಲಿ ಲೋಕಕ್ಕೆ ತಿಳಿಯಿತು. ಲಾರೆಲ್ ಮತ್ತು ಹಾರ್ಡಿಯವರ ೧೯೨೭ರ ‘ದಿ ಬ್ಯಾಟಲ್ ಆಫ್ ದಿ ಸೆಂಚುರಿ’ ಚಿತ್ರದ ಎರಡನೆಯ ರೀಲು ೨೦೧೫ರಲ್ಲಿ ಒಬ್ಬ ಸಂಗ್ರಾಹಕನ ಗಂಟಿನಿಂದ ಹೊರಬಂದಿತು. ಅವರದೇ ‘ಹ್ಯಾಟ್ಸ್ ಆಫ್’ ಇನ್ನೂ ಸಿಕ್ಕಿಲ್ಲ. ಕಾಪಾಡಿದವರು ಚಿತ್ರದಿಂದ ಲಾಭ ಪಡೆದ ಧನಿಕರಲ್ಲ, ಅದನ್ನು ಕುರಿತು ಬರೆದ ಪಂಡಿತರೂ ಅಲ್ಲ. ಬಹುಮಟ್ಟಿಗೆ ಹುಚ್ಚರೆಂದು ನೆರೆಹೊರೆಯವರು ನಕ್ಕ ಸಂಗ್ರಾಹಕರು ಮತ್ತು ಪರದೇಶ್ಯ ಭಂಡಾರಗಳು. ಮಾತಿಲ್ಲದುದರಿಂದಲೇ ಈ ಚಿತ್ರಗಳು ಭಾಷೆಯ ಗಡಿಯನ್ನು ಸುಲಭವಾಗಿ ದಾಟಿ ದೇಶದೇಶಗಳಿಗೆ ಹೋದುವು. ಬರಹದ ಹಲಗೆಗಳನ್ನು ಬದಲಿಸಿದರೆ ಸಾಕಾಗಿತ್ತು. ಯಾವುದನ್ನು ಕೊರತೆಯೆಂದು ಹಳಿದರೋ ಅದೇ ಅವುಗಳ ಪ್ರಾಣವನ್ನು ಉಳಿಸಿತು.

ಈ ಚಿತ್ರಗಳ ಪಕ್ಷವನ್ನು ವಹಿಸಿದವರು ಹಿಂದೆ ಇಲ್ಲದೆ ಇಲ್ಲ. ಜೇಮ್ಸ್ ಏಜಿ ಎಂಬ ವಿಮರ್ಶಕನು ೧೯೪೯ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬರೆದ ದೀರ್ಘಲೇಖನದಿಂದ ಅನೇಕರು ಅವುಗಳ ಕಡೆಗೆ ಮರಳಿ ನೋಡಿದರು. ಆದರೂ ಅವನ್ನು ಪ್ರೀತಿಯಿಂದ ನೆನೆಯುವುದು ಬೇರೆ, ಚರಿತ್ರೆಯಲ್ಲಿ ಸಲ್ಲತಕ್ಕ ಸ್ಥಾನವನ್ನು ಕೊಡುವುದು ಬೇರೆ. ಚಲಚ್ಚಿತ್ರವನ್ನು ಪಾಠವಾಗಿ ಹೇಳುವೆಡೆಗಳಲ್ಲಿ ‘ಒನ್ ವೀಕ್’, ‘ದಿ ಪಾನ್‌ಷಾಪ್’ ಇವುಗಳನ್ನು ವಿನೋದದ ವಿರಾಮವೆಂದಲ್ಲ, ಲಕ್ಷ್ಯಗ್ರಂಥಗಳೆಂದು ಇಟ್ಟು ದೃಶ್ಯದೃಶ್ಯವಾಗಿ ವಿವರಿಸಬೇಕು. ಭಂಡಾರಗಳ ಹಣದಲ್ಲಿ ಎರಡು ರೀಲಿನದಕ್ಕೂ ಹತ್ತು ರೀಲಿನದಕ್ಕೂ ನ್ಯಾಯವಾದ ಪಾಲಿರಬೇಕು.

ವಿದ್ಯಾವಂತರ ಮನೆಗಳಲ್ಲಿಯೂ ಒಂದು ಕರ್ತವ್ಯವಿದೆ. ಉಳಿದಿರುವ ಚಿತ್ರಗಳನ್ನು ಶೋಧಿಸಿ, ಸರಿಯಾದ ವೇಗಕ್ಕೆ ತಂದು, ವಾದ್ಯಸಂಗೀತದೊಡನೆ ಸಿದ್ಧಪಡಿಸಿದ ಪ್ರತಿಗಳು ಈಗ ಮನೆಯಲ್ಲಿ ಕುಳಿತವರಿಗೂ ದೊರೆಯುವುವು. ಮಕ್ಕಳಿಗೆ ಅರ್ಧ ನಿಮಿಷದ ತುಣುಕುಗಳನ್ನು ತೋರಿಸಿ ಸುಮ್ಮನಾಗುವುದರ ಬದಲು, ಒಂದು ಸಂಜೆ ಒಂದು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಬೇಕು. ಹಿರಿಯರೂ ಜೊತೆಯಲ್ಲಿ ಕುಳಿತು ನೋಡಬೇಕು. ರೈಲು ಪಕ್ಕದ ಹಳಿಯಲ್ಲಿ ಹೋದುದು ಏಕೆ ಮೊದಲೇ ಕಾಣಲಿಲ್ಲವೆಂದು ಮಗುವು ಕೇಳಿದರೆ ಉತ್ತರವನ್ನು ಹೇಳಲು ಹಿರಿಯರು ಎರಡನೆಯ ಸಲ ನೋಡಬೇಕಾಗುವುದು. ಮಕ್ಕಳಾಟವೆಂದು ತಳ್ಳಿದವರ ವಾದಕ್ಕೆ ಆ ಎರಡನೆಯ ನೋಟವೇ ಸಾಕಾದ ಉತ್ತರವು.